ಅರ್ಥ ಹೇಳುವವರ ಹಾವಳಿ

ಲೂಯಿ ಬುನ್ಯುಯೆಲ್‌ನ ‘ಬೆಲ್ ದ ಜೂರ್’ (1967) ಚಿತ್ರದಲ್ಲಿ ಒಂದು ಪುಟ್ಟ ಪೆಟ್ಟಿಗೆ ಬರುತ್ತದೆ. ಪ್ಯಾರಿಸ್ಸಿನ ವೇಶ್ಯಾಗೃಹವೊಂದಕ್ಕೆ ಬಂದ ಏಷ್ಯಾದ ದಢೂತಿ ಗಿರಾಕಿ ಅದರ ಮುಚ್ಚಳ ತೆಗೆದು ಅಲ್ಲಿನ ಹೆಂಗಸರಿಗೆ ತೋರಿಸುತ್ತಾನೆ. ಒಳಗಿನಿಂದ ಗುಂಯ್ ಎನ್ನುವ ಸದ್ದು. ನೋಡಿದವಳೊಬ್ಬಳು ತನ್ನಿಂದ ಆಗದು ಎಂದು ಹಿಂದೆ ಸರಿಯುತ್ತಾಳೆ. ಕ್ಯಾಥರೀನ್ ದನವ್ ಅಭಿನಯಿಸಿದ ನಾಯಕಿ ಮಾತ್ರ ಅವನನ್ನು ನಿರಾಕರಿಸುವುದಿಲ್ಲ. ಪೆಟ್ಟಿಗೆಯಲ್ಲಿ ಏನಿತ್ತೆಂದು ನಮಗೆ ಕೊನೆಯವರೆಗೂ ತೋರಿಸುವುದಿಲ್ಲ. ಚಿತ್ರಕ್ಕೆ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಬಂತು, ಬುನ್ಯುಯೆಲ್‌ನ ಬೆನ್ನಿಗೆ ಆ ಪೆಟ್ಟಿಗೆ ಬಿತ್ತು. ಎಲ್ಲಿ ಹೋದರೂ ಜನ ಅದನ್ನೇ ಕೇಳುತ್ತಿದ್ದರಂತೆ. ‘ನಿಮಗೆ ಏನಿರಲಿ ಅನ್ನಿಸುತ್ತದೋ ಅದೇ ಇತ್ತು’ ಎಂಬರ್ಥದ ಉತ್ತರ ಕೊಟ್ಟು ಸಾಗಹಾಕುತ್ತಿದ್ದೆ ಎಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಈ ಚಿತ್ರದ ಬಗ್ಗೆ ಕೇಳಿಬಂದ ಅಸಂಬದ್ಧ ಪ್ರಶ್ನೆಗಳ ಸಾಲಿನಲ್ಲಿ ಅದಕ್ಕೊಂದು ಗೌರವದ ಸ್ಥಾನವನ್ನೂ ಕೊಟ್ಟಿದ್ದಾನೆ.

ಬುನ್ಯುಯೆಲ್ ತೀರಿಕೊಂಡು ನಾಲ್ಕು ದಶಕ ದಾಟಿದೆ. ಪೆಟ್ಟಿಗೆ ಕೇಳುವವರು ಮಾತ್ರ ಹೆಚ್ಚುತ್ತಲೇ ಇದ್ದಾರೆ. ಯಾವುದಾದರೂ ಸರ್ರಿಯಲ್ ಸಿನಿಮಾದ ಹೆಸರನ್ನು ಮೊಬೈಲಿನಲ್ಲಿ ಟೈಪ್ ಮಾಡಿ ನೋಡಿ, ಹೆಸರು ಮುಗಿಯುವ ಮೊದಲೇ ‘ಎಂಡಿಂಗ್ ಎಕ್ಸ್‌ಪ್ಲೇನ್ಡ್’ ಎಂದು ಬಂದು ನಿಲ್ಲುತ್ತದೆ. ಫಿಲಂ ಸೊಸೈಟಿಯ ಪ್ರದರ್ಶನ ಮುಗಿದು ದೀಪ ಹತ್ತುವುದೇ ತಡ, ಒಬ್ಬರು ಎದ್ದು ಗಂಟಲು ಸರಿಮಾಡಿಕೊಂಡು, ಇಲ್ಲಿ ಕನ್ನಡಿ ಅಂದರೆ ಆತ್ಮ, ಮೆಟ್ಟಿಲು ಅಂದರೆ ಕಾಮ, ನಾಯಿ ಅಂದರೆ ಬಂಡವಾಳಶಾಹಿ ಎಂದು ಲೆಕ್ಕ ಒಪ್ಪಿಸತೊಡಗುತ್ತಾರೆ. ಇದರ ಹಿಂದೆ ಇರುವ ನಂಬಿಕೆ ಇಷ್ಟು: ಈ ಸಿನಿಮಾಗಳು ಒಗಟುಗಳು, ಪ್ರತಿ ಒಗಟಿಗೂ ನಿರ್ದೇಶಕ ಎಲ್ಲೋ ಒಂದು ಉತ್ತರ ಬಚ್ಚಿಟ್ಟಿದ್ದಾನೆ, ಅದನ್ನು ಕಂಡುಹಿಡಿದವನು ಜಾಣ. ಉಳಿದವರು ‘ನಮಗೆಲ್ಲ ಅದು ಅರ್ಥ ಆಗಲ್ಲ ಬಿಡಿ’ ಎಂದು ಎದ್ದು ಹೋಗುತ್ತಾರೆ. ಎದ್ದು ನಿಂತು ಅರ್ಥ ಹೇಳುವವರು, ಎದ್ದು ಹೋಗುವವರು, ಇಬ್ಬರೂ ನಂಬಿರುವುದು ಒಂದನ್ನೇ. ಆ ನಂಬಿಕೆ ಬುಡಸಮೇತ ತಪ್ಪು ಎನ್ನುವುದು ನನ್ನ ತಕರಾರು.

ಶುರುವಾದ ಜಾಗಕ್ಕೇ ಹೋಗೋಣ. 1929ರಲ್ಲಿ ಬುನ್ಯುಯೆಲ್ ಮತ್ತು ಸಲ್ವಡಾರ್ ಡಾಲಿ ಸೇರಿ ‘ಅನ್ ಶಿಯೆನ್ ಅಂಡಾಲು’ ಮಾಡಿದರು. ಬುನ್ಯುಯೆಲ್‌ನ ಅಮ್ಮ ಕೊಟ್ಟ ದುಡ್ಡು. ಚಂದ್ರನನ್ನು ಮೋಡವೊಂದು ಕ್ಷೌರದ ಕತ್ತಿ ಕಣ್ಣನ್ನು ಸೀಳುವ ಹಾಗೆ ಸೀಳಿದ್ದು ಬುನ್ಯುಯೆಲ್‌ನ ಕನಸು, ಅಂಗೈ ತುಂಬ ಇರುವೆ ಮುತ್ತಿದ್ದು ಡಾಲಿಯ ಕನಸು. ಇವೆರಡನ್ನು ಮುಂದಿಟ್ಟುಕೊಂಡು ಒಂದು ವಾರದೊಳಗೆ ಚಿತ್ರಕಥೆ ಬರೆದರು. ಅವರು ಮಾಡಿಕೊಂಡ ಕರಾರು ಒಂದೇ: ಬುದ್ಧಿಗೆ ನಿಲುಕುವ ವಿವರಣೆಗೆ ಆಸ್ಪದ ಕೊಡುವ ಯಾವ ಚಿತ್ರವನ್ನೂ ಸೇರಿಸಕೂಡದು. ಒಬ್ಬ ಒಂದು ದೃಶ್ಯ ಸೂಚಿಸುತ್ತಿದ್ದ, ಇನ್ನೊಬ್ಬನಿಗೆ ಅದರಲ್ಲಿ ಅರ್ಥದ ವಾಸನೆ ಬಡಿದರೆ ಆ ದೃಶ್ಯ ಅಲ್ಲಿಗೇ ರದ್ದು. ಅಂದರೆ ನಮ್ಮ ವಿವರಣೆಕಾರರು ತೊಂಬತ್ತು ಚಿಲ್ಲರೆ ವರ್ಷದಿಂದ ಹುಡುಕುತ್ತಿರುವುದು, ಮಾಡಿದವರು ಕೂತು ಆರಿಸಿ ಆರಿಸಿ ಹೊರಗೆಸೆದ ಕಾಳನ್ನು.

ಆ ಚಿತ್ರದ ಕಣ್ಣು ಸೀಳುವ ದೃಶ್ಯವನ್ನು ಎಲ್ಲರೂ ಹೇಳುತ್ತಾರೆ. ಅದು ಸತ್ತ ಕರುವಿನ ಕಣ್ಣು ಎಂಬುದನ್ನೂ ಹೇಳುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಮಜಾ ಕೊಡುವುದು ನಡುನಡುವೆ ಬರುವ ಬರಹದ ಪಟ್ಟಿಗಳು. ಮೂಕಿ ಚಿತ್ರದಲ್ಲಿ ಇಂಥ ಪಟ್ಟಿ ಇರುವುದೇ ಪ್ರೇಕ್ಷಕ ದಾರಿ ತಪ್ಪದಿರಲೆಂದು. ಇಲ್ಲಿ ಮೊದಲಿಗೆ ‘ಒಂದಾನೊಂದು ಕಾಲದಲ್ಲಿ’ ಎಂದು ಬರುತ್ತದೆ, ಅಜ್ಜಿಕತೆಯ ಹಾಗೆ. ಕಣ್ಣು ಸೀಳಿದ ಮೇಲೆ ‘ಎಂಟು ವರ್ಷಗಳ ನಂತರ’. ಆಮೇಲೆ ‘ಬೆಳಗಿನ ಜಾವ ಸುಮಾರು ಮೂರು ಗಂಟೆಗೆ’. ಆಮೇಲೆ, ಅದೇ ಕೋಣೆಯಲ್ಲಿ ನಡೆಯುತ್ತಿರುವ ದೃಶ್ಯದ ನಡುವೆಯೇ ‘ಹದಿನಾರು ವರ್ಷಗಳ ಹಿಂದೆ’! ಕೋಣೆ ಅದೇ, ಜನ ಅವರೇ, ನಿಂತ ಭಂಗಿಯೂ ಅದೇ. ಕತೆ ಹೇಳುವ ಯಂತ್ರದ ಗಿಯರನ್ನು ಒಂದೊಂದಾಗಿ ಹಾಕುತ್ತಾರೆ, ಗಾಡಿ ಮಾತ್ರ ನಿಂತಲ್ಲೇ ಇದೆ. ಇದನ್ನು ನೋಡಿ ನಗದೆ, ಎಂಟಕ್ಕೂ ಹದಿನಾರಕ್ಕೂ ಏನು ಸಂಬಂಧ ಎಂದು ಲೆಕ್ಕ ಹಾಕುವವರನ್ನು ಏನೆನ್ನಬೇಕು?

ಮೊದಲ ಪ್ರದರ್ಶನದ ದಿನ ಬುನ್ಯುಯೆಲ್ ಪರದೆಯ ಹಿಂದೆ ಗ್ರಾಮಫೋನ್ ಇಟ್ಟುಕೊಂಡು ವ್ಯಾಗ್ನರ್‌ನ ಸಂಗೀತವನ್ನೂ ಅರ್ಜೆಂಟೀನಾದ ಟ್ಯಾಂಗೋವನ್ನೂ ಬದಲಿಸಿ ಬದಲಿಸಿ ಹಾಕುತ್ತಿದ್ದ. ಜನ ಗಲಾಟೆ ಮಾಡಿದರೆ ಎಸೆಯಲಿಕ್ಕೆಂದು ಜೇಬಿನಲ್ಲಿ ಕಲ್ಲು ತುಂಬಿಕೊಂಡಿದ್ದ. ಜನ ಚಪ್ಪಾಳೆ ಹೊಡೆದರು. ಕಲ್ಲುಗಳನ್ನು ಗುಟ್ಟಾಗಿ ಕೆಳಗೆ ಬಿಡಬೇಕಾಯಿತು. ಚಿತ್ರ ಚೆನ್ನಾಗಿಯೇ ಓಡಿತು, ಬುನ್ಯುಯೆಲ್‌ಗೆ ಅದರಿಂದ ಸಿಟ್ಟೂ ಬಂತು. ಕೊಲೆಗೆ ಕರೆ ಕೊಟ್ಟಂತಿರುವ ಚಿತ್ರವನ್ನು ಸುಂದರವಾಗಿದೆ, ಕಾವ್ಯಮಯವಾಗಿದೆ ಎನ್ನುತ್ತಿದ್ದಾರಲ್ಲ ಎಂದು. ಚಿತ್ರದಲ್ಲಿ ಯಾವುದೂ ಯಾವುದರ ಸಂಕೇತವೂ ಅಲ್ಲ ಎಂದು ಆಮೇಲೆ ಬರೆದ. ಮನೋವಿಶ್ಲೇಷಣೆಗೆ ಮಾತ್ರ, ಅದೂ ‘ಬಹುಶಃ’ ಎಂದು, ಬಾಗಿಲನ್ನು ಅರ್ಧ ತೆರೆದಿಟ್ಟ. ಆ ಅರ್ಧ ಬಾಗಿಲಲ್ಲಿ ನುಗ್ಗಿದವರು ಇನ್ನೂ ಹೊರಗೆ ಬಂದಿಲ್ಲ.

‘ಅರ್ಥವಾಗುವುದಿಲ್ಲ’ ಎನ್ನುವಾಗ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ಕಲಸಿಹಾಕುತ್ತಿದ್ದೇವೆ. ಏನಾಯಿತು ಎಂಬುದು ಒಂದು, ಯಾಕಾಯಿತು ಎಂಬುದು ಇನ್ನೊಂದು. ಒಳ್ಳೆಯ ಸರ್ರಿಯಲ್ ಸಿನಿಮಾದಲ್ಲಿ ಏನಾಯಿತು ಎಂಬುದು ಹಗಲಿನಷ್ಟು ನಿಚ್ಚಳ. ‘ದಿ ಎಕ್ಸ್‌ಟರ್ಮಿನೇಟಿಂಗ್ ಏಂಜೆಲ್’ (1962) ನೋಡಿ. ಮೆಕ್ಸಿಕೋದಲ್ಲಿ ಮಾಡಿದ ಚಿತ್ರ. ಒಪೆರಾ ಮುಗಿಸಿಕೊಂಡು ಶ್ರೀಮಂತರ ಗುಂಪೊಂದು ಭಾರಿ ಬಂಗಲೆಗೆ ರಾತ್ರಿಯೂಟಕ್ಕೆ ಬರುತ್ತದೆ. ಅವರು ಬರುವ ಹೊತ್ತಿಗೆ ಅಡುಗೆಯವರು, ಆಳುಗಳು ಒಬ್ಬೊಬ್ಬರಾಗಿ ಏನೋ ನೆಪ ಹೇಳಿ ಜಾಗ ಖಾಲಿ ಮಾಡುತ್ತಿದ್ದಾರೆ. ಊಟ ಆಗುತ್ತದೆ, ಪಿಯಾನೋ ಆಗುತ್ತದೆ, ಹೊರಡುವ ಸಮಯವಾಗುತ್ತದೆ. ಯಾರೂ ಹೊರಡುವುದಿಲ್ಲ. ಬಾಗಿಲಿಗೆ ಬೀಗವಿಲ್ಲ, ಬಾಗಿಲೇ ತೆರೆದಿದೆ. ಹೊಸ್ತಿಲ ತನಕ ಬರುತ್ತಾರೆ, ಏನೋ ನೆನಪಾದವರಂತೆ ಹಿಂದಿರುಗುತ್ತಾರೆ. ಕೋಟು ಬಿಚ್ಚಿ ಸೋಫಾದ ಮೇಲೆ, ನೆಲದ ಮೇಲೆ ಮಲಗುತ್ತಾರೆ. ದಿನಗಳು ಕಳೆಯುತ್ತವೆ. ಗೋಡೆ ಒಡೆದು ಪೈಪಿನಿಂದ ನೀರು ಕುಡಿಯುತ್ತಾರೆ. ದಾರಿ ತಪ್ಪಿ ಒಳಗೆ ಬಂದ ಕುರಿಗಳನ್ನು ಕೊಯ್ದು, ಪೀಠೋಪಕರಣ ಮುರಿದು ಬೆಂಕಿ ಹಾಕಿ ಬೇಯಿಸಿ ತಿನ್ನುತ್ತಾರೆ. ನಯನಾಜೂಕಿನ ಮಂದಿ ಬಾಚಣಿಗೆಗೆ, ಔಷಧಿಯ ಡಬ್ಬಿಗೆ ಕಿತ್ತಾಡುವ ಮಟ್ಟಕ್ಕಿಳಿಯುತ್ತಾರೆ.

ಇದರಲ್ಲಿ ಅರ್ಥವಾಗದ್ದು ಏನಿದೆ? ಹತ್ತು ವರ್ಷದ ಹುಡುಗನಿಗೆ ಹೇಳಿದರೂ ಕಣ್ಣರಳಿಸಿ ಕೇಳುತ್ತಾನೆ. ಅವರು ಯಾಕೆ ಹೊರಗೆ ಹೋಗಲಿಲ್ಲ ಎಂಬುದನ್ನು ಮಾತ್ರ ಚಿತ್ರ ಹೇಳುವುದಿಲ್ಲ. ಆ ಒಂದು ‘ಯಾಕೆ’ಯನ್ನು ತೆಗೆದದ್ದರಿಂದಲೇ ಉಳಿದದ್ದೆಲ್ಲ ಅಷ್ಟು ಚೆನ್ನಾಗಿ ಕಾಣುತ್ತದೆ. ಹೊರಗೆ ಯುದ್ಧ ನಡೆದಿದೆ, ಪ್ಲೇಗ್ ಬಂದಿದೆ ಎಂದೇನಾದರೂ ಕಾರಣ ಕೊಟ್ಟಿದ್ದರೆ, ಪಾಪ ಕಷ್ಟದಲ್ಲಿ ಸಿಕ್ಕಿದ್ದಾರೆ ಎಂದು ನಾವು ಅವರ ಮೇಲೆ ಕನಿಕರ ಪಡುತ್ತಿದ್ದೆವು. ಕಾರಣ ಇಲ್ಲದಿರುವುದರಿಂದ ಅವರು ಇರುವ ಹಾಗೆ ಕಾಣುತ್ತಾರೆ. ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿದೆ ಎಂದು ಅಜ್ಜಿ ಹೇಳಿದಾಗ, ಗಿಳಿ ಯಾವುದರ ಪ್ರತೀಕ ಎಂದು ನಾವ್ಯಾರೂ ಕೇಳಲಿಲ್ಲ. ಗಿಳಿಯ ಕತ್ತು ಯಾವಾಗ ಮುರಿಯುತ್ತಾರೆ ಎಂದು ಉಸಿರು ಬಿಗಿಹಿಡಿದು ಕೂತಿದ್ದೆವು. ಅದೇ ನಾವು ದೊಡ್ಡವರಾಗಿ ಟಿಕೆಟ್ ತೆಗೆದುಕೊಂಡು ಕತ್ತಲಲ್ಲಿ ಕೂತಾಗ ಮಾತ್ರ ಗಿಳಿಯನ್ನು ಪರೀಕ್ಷೆಗೆ ಕೂರಿಸುತ್ತೇವೆ.

ಇದೇ ಚಿತ್ರದಲ್ಲಿ ಅತಿಥಿಗಳು ಬಂಗಲೆಯೊಳಗೆ ಬರುವ ದೃಶ್ಯ ಎರಡು ಸಲ ಬರುತ್ತದೆ. ಛಾಯಾಗ್ರಾಹಕ ಗೇಬ್ರಿಯಲ್ ಫಿಗೆರೋವಾ ಗಾಬರಿಯಾಗಿ, ಎಡಿಟಿಂಗ್‌ನಲ್ಲಿ ತಪ್ಪಾಗಿದೆ ಎಂದು ಹೇಳಲು ಓಡಿಬಂದನಂತೆ. ಅದೊಂದೇ ಅಲ್ಲ, ಅಂಥ ಪುನರಾವರ್ತನೆಗಳನ್ನು ಬುನ್ಯುಯೆಲ್ ಚಿತ್ರದುದ್ದಕ್ಕೂ ಇಟ್ಟಿದ್ದಾನೆ. ಬಂಗಲೆಯಲ್ಲಿ ಓಡಾಡುವ ಕರಡಿಯನ್ನು ಕಂಡು, ಇದು ಬಂಡವಾಳಶಾಹಿಗೆ ಹೊಂಚು ಹಾಕಿರುವ ಸೋವಿಯತ್ ಒಕ್ಕೂಟ ಎಂದು ಬರೆದ ವಿಮರ್ಶಕರೂ ಇದ್ದರು. ಸೋವಿಯತ್ ಒಕ್ಕೂಟ ಹೋಯಿತು, ಕರಡಿ ಇನ್ನೂ ಅಲ್ಲೇ ಓಡಾಡುತ್ತಿದೆ.

ಇಷ್ಟಾದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ‘ಅರ್ಥ ಹೇಳು’ ಎಂಬ ಒತ್ತಾಯ ಯಾವಾಗಲೂ ಅಷ್ಟು ಸಾಧುವಾದದ್ದಲ್ಲ. ಅದರ ಇತಿಹಾಸದಲ್ಲಿ ಪೊಲೀಸರಿದ್ದಾರೆ.

1968ರ ಹೊತ್ತಿಗೆ ಸೆರ್ಗೈ ಪರಾಜನೋವ್ 18ನೇ ಶತಮಾನದ ಅರ್ಮೇನಿಯನ್ ಕವಿ ಸಯಾತ್ ನೋವಾನ ಬಗ್ಗೆ ಒಂದು ಚಿತ್ರ ಮಾಡಿದ. ಇವತ್ತು ನಾವು ಅದನ್ನು ‘ದ ಕಲರ್ ಆಫ್ ಪಾಮಗ್ರಾನೆಟ್ಸ್’ ಎಂದು ಕರೆಯುತ್ತೇವೆ. ಕ್ಯಾಮೆರಾ ಹೆಚ್ಚುಕಡಿಮೆ ಅಲುಗಾಡುವುದಿಲ್ಲ. ಬಿಳಿ ಬಟ್ಟೆಯ ಮೇಲೆ ದಾಳಿಂಬೆ, ಅದರಿಂದ ಒಸರಿ ಹರಡುವ ಕೆಂಪು ರಸ. ಮಳೆಯಲ್ಲಿ ನೆನೆದ ಮಠದ ಪುಸ್ತಕಗಳನ್ನು ಕಲ್ಲಿನ ಚಾವಣಿಯ ಮೇಲೆ ಒಣಗಲು ಹರವಿದ್ದಾರೆ. ಸುತ್ತ ನೂರಾರು ಪುಟಗಳು ಗಾಳಿಗೆ ಪಟಪಟನೆ ಮಗುಚುತ್ತಿವೆ, ನಡುವೆ ಹುಡುಗನೊಬ್ಬ ಮಲಗಿದ್ದಾನೆ. ಸೋಫಿಕೋ ಚಿಯೌರೇಲಿ ಎಂಬ ಒಬ್ಬಳೇ ನಟಿ ಯುವಕವಿಯೂ ಹೌದು, ಅವನ ಪ್ರೇಯಸಿಯೂ ಹೌದು, ಇನ್ನೂ ಹಲವು ಪಾತ್ರಗಳೂ ಹೌದು. ಸೋವಿಯತ್ ಅಧಿಕಾರಿಗಳ ದೂರು ನಮ್ಮವರ ದೂರೇ: ಇದನ್ನು ನೋಡಿದರೆ ಜನರಿಗೆ ಕವಿಯ ಜೀವನ ಏನೂ ತಿಳಿಯುವುದಿಲ್ಲ. ಕವಿಯ ಹೆಸರನ್ನು ಶೀರ್ಷಿಕೆಯಿಂದ ತೆಗೆಸಿದರು. ಆಮೇಲೆ ಸೆರ್ಗೈ ಯುತ್ಕೇವಿಚ್ ಎಂಬ ಇನ್ನೊಬ್ಬ ನಿರ್ದೇಶಕನ ಕೈಯಲ್ಲಿ ಅದನ್ನು ಮತ್ತೆ ಕತ್ತರಿಸಿ ಜೋಡಿಸಿ, ಸೋವಿಯತ್ ಪ್ರೇಕ್ಷಕರಿಗೆ ತಿಳಿಯುವ ಹಾಗೆ ಮಾಡಿಸಿದರು. ನನ್ನ ಪ್ರಕಾರ ಜಗತ್ತಿನ ಮೊದಲ ‘ಎಕ್ಸ್‌ಪ್ಲೇನ್ಡ್’ ಆವೃತ್ತಿ ಅದೇ. ಕೆಲವೇ ವರ್ಷಗಳಲ್ಲಿ ಪರಾಜನೋವ್‌ನನ್ನು ಬೇರೆ ಆರೋಪ ಹೊರಿಸಿ ಜೈಲಿಗೂ ಹಾಕಿದರು. ತಾರ್ಕೋವ್ಸ್ಕಿಯ ‘ಮಿರರ್’ (1975) ಚಿತ್ರಕ್ಕೂ ಅಧಿಕಾರಿಗಳು ಹಚ್ಚಿದ ಹಣೆಪಟ್ಟಿ ಇದೇ, ಜನಕ್ಕೆ ಅರ್ಥವಾಗದ್ದು. ಜನ ಮಾತ್ರ ಅವನಿಗೆ ಕಾಗದ ಬರೆದರು. ಗೋರ್ಕಿ ನಗರದ ಹೆಂಗಸೊಬ್ಬಳು, ನನ್ನ ಬಾಲ್ಯವೂ ಹೀಗೇ ಇತ್ತು, ನಿಮಗೆ ಹೇಗೆ ಗೊತ್ತಾಯಿತು ಎಂಬರ್ಥದಲ್ಲಿ ಬರೆದದ್ದನ್ನು ತಾರ್ಕೋವ್ಸ್ಕಿ ತನ್ನ ಪುಸ್ತಕದಲ್ಲಿ ಸೇರಿಸಿದ್ದಾನೆ.

ಅರ್ಥ ಹೇಳುವವರಿಲ್ಲದೆಯೂ ಚಿತ್ರ ಹೇಗೆ ಮುಟ್ಟುತ್ತದೆ ಎಂಬುದಕ್ಕೆ ತದ್ವಿರುದ್ಧ ಕಡೆಯಿಂದಲೂ ಸಾಕ್ಷಿ ಇದೆ. ಬುನ್ಯುಯೆಲ್‌ನ ಎರಡನೆಯ ಚಿತ್ರ ‘ಲಾಜ್ ದೋರ್’ 1930ರಲ್ಲಿ ಪ್ಯಾರಿಸ್ಸಿನ ಸ್ಟುಡಿಯೋ 28ರಲ್ಲಿ ನಡೆಯುತ್ತಿದ್ದಾಗ ಬಲಪಂಥೀಯರ ಗುಂಪು ನುಗ್ಗಿ ಪರದೆಗೆ ಮಸಿ ಎಸೆಯಿತು, ಮೊಗಸಾಲೆಯಲ್ಲಿ ಇಟ್ಟಿದ್ದ ವರ್ಣಚಿತ್ರಗಳನ್ನು ಹರಿದುಹಾಕಿತು. ಕೆಲವೇ ದಿನಗಳಲ್ಲಿ ಪೊಲೀಸ್ ಮುಖ್ಯಸ್ಥ ಚಿತ್ರವನ್ನು ನಿಷೇಧಿಸಿದ. ಸುಮಾರು ಅರ್ಧ ಶತಮಾನ ಅದು ಸಾರ್ವಜನಿಕವಾಗಿ ತೆರೆ ಕಾಣಲಿಲ್ಲ. ಮಸಿ ಎಸೆದವರಿಗೆ ಯಾರೂ ಟಿಪ್ಪಣಿ ಬರೆದುಕೊಟ್ಟಿರಲಿಲ್ಲ. ಧರ್ಮಪೀಠ, ಕುಟುಂಬ, ಶಿಷ್ಟಾಚಾರ ಇವುಗಳ ಮೇಲೆ ಏಟು ಬಿದ್ದಿದೆ ಎಂದು ಅವರಿಗೆ ಒಂದೇ ನೋಟಕ್ಕೆ ಗೊತ್ತಾಗಿತ್ತು. ಇವತ್ತು ಅದೇ ಚಿತ್ರಕ್ಕೆ ಸಂಕೇತಕೋಶ ಬರೆಯುವುದೆಂದರೆ ಅದರ ಹಲ್ಲು ಕೀಳುವ ಇನ್ನೊಂದು ಮರ್ಯಾದಸ್ಥ ಉಪಾಯ.

ಎದುರಾಳಿಗಳ ಕೈಯಲ್ಲಿ ಎರಡು ಗಟ್ಟಿ ವಾದಗಳಿವೆ. ಒಂದು ನಮ್ಮ ನೆಲದ್ದು: ಅಲ್ಲಮನ ಬೆಡಗಿನ ವಚನಗಳಿಗೆ ಟೀಕೆ ಬರೆದವರಿಲ್ಲವೇ, ಸಿನಿಮಾಕ್ಕೆ ಬರೆದರೆ ಏನು ತಪ್ಪು? ಬೆಡಗಿನ ವಚನದ ಬೆನ್ನಿಗೆ ಒಂದು ಸಾಧನೆಯ ಪರಂಪರೆ ಇದೆ, ಷಟ್‌ಸ್ಥಲದ ಪರಿಭಾಷೆ ಇದೆ. ಹೇಳಿದವರೂ ಕೇಳಿದವರೂ ಹಂಚಿಕೊಂಡ ಆ ಪರಿಭಾಷೆಯನ್ನು ಟೀಕಾಕಾರ ಬಿಡಿಸಿಡುತ್ತಾನೆ. ಬುನ್ಯುಯೆಲ್ ಮತ್ತು ಡಾಲಿ ಹಂಚಿಕೊಂಡಿದ್ದು ಅಂಥದ್ದನ್ನು ಹೊರಗಿಡುವ ಕರಾರನ್ನು. ಅಷ್ಟಕ್ಕೂ ಟೀಕೆ ಮಾತ್ರ ಓದಿ ವಚನ ಓದದವನನ್ನು ವಚನ ಬಲ್ಲವನೆಂದು ಯಾರೂ ಕರೆಯುವುದಿಲ್ಲ. ಹನ್ನೆರಡು ನಿಮಿಷದ ವಿಡಿಯೋ ನೋಡಿ ಸಿನಿಮಾ ‘ಮುಗಿಸಿದವರು’ ಈಗ ಎಷ್ಟು ಬೇಕಾದರೂ ಸಿಗುತ್ತಾರೆ.

ಇನ್ನೊಂದು ವಾದ ಡೇವಿಡ್ ಲಿಂಚ್‌ನದು. ‘ಮಲ್ಹಾಲೆಂಡ್ ಡ್ರೈವ್’ (2001) ಡಿವಿಡಿಯ ಜೊತೆ ಅವನೇ ಹತ್ತು ಸುಳಿವು ಕೊಟ್ಟಿದ್ದನಲ್ಲ, ಹಾಗಾದರೆ ಉತ್ತರವೂ ಇರಲೇಬೇಕಲ್ಲ? ಸುಳಿವುಗಳನ್ನು ಒಮ್ಮೆ ಓದಬೇಕು. ಕೆಂಪು ದೀಪದ ಮುಸುಕು ಎಲ್ಲಿ ಬರುತ್ತದೆ ಗಮನಿಸಿ, ನಿಲುವಂಗಿ, ಆ್ಯಶ್‌ಟ್ರೇ, ಕಾಫಿ ಕಪ್ ಗಮನಿಸಿ, ಕೀಲಿಕೈ ಯಾರು ಕೊಟ್ಟರು ನೋಡಿ. ಕಣ್ಣು ತೆರೆದು ನೋಡಿ ಎಂಬುದನ್ನು ಬಿಟ್ಟು ಆ ಹತ್ತರಲ್ಲಿ ಹೆಚ್ಚೇನೂ ಇಲ್ಲ. ಆ ಚಿತ್ರ ಹುಟ್ಟಿದ ಬಗೆಯನ್ನಂತೂ ವಿವರಣೆಕಾರರು ಬೇಕೆಂದೇ ಮರೆಯುತ್ತಾರೆ. ಅದು 1999ರಲ್ಲಿ ಎಬಿಸಿ ಟೀವಿಗಾಗಿ ತೆಗೆದ ಧಾರಾವಾಹಿಯ ಮೊದಲ ಕಂತು. ವಾಹಿನಿ ಬೇಡವೆಂದಿತು. ಫ್ರೆಂಚ್ ಕಂಪನಿಯ ದುಡ್ಡು ಬಂದ ಮೇಲೆ ಹೊಸ ದೃಶ್ಯ ಸೇರಿಸಿ ಲಿಂಚ್ ಅದನ್ನು ಸಿನಿಮಾ ಮಾಡಿದ. ಮುಂದಿನ ಕಂತುಗಳಿಗೆಂದು ಬಿಟ್ಟಿದ್ದ ಎಳೆಗಳು ಹಾಗೇ ಉಳಿದಿವೆ. ಮೊದಲಿನಿಂದಲೂ ಒಂದು ಬೀಗ, ಒಂದು ಕೀಲಿ ಎಂದು ಯೋಜಿಸಿ ಕಟ್ಟಿದ್ದೆನ್ನುವುದು ಸುಳ್ಳು.

ಮುಕ್ಕಾಲು ಚಿತ್ರ ಸೋತ ನಟಿಯೊಬ್ಬಳ ಕನಸು, ಕೊನೆಯ ಕಾಲು ಭಾಗ ಅವಳ ನಿಜ ಎಂಬ ವಿವರಣೆ ಬಹಳ ಮಟ್ಟಿಗೆ ಹೊಂದುತ್ತದೆ, ಒಪ್ಪಿಕೊಳ್ಳುತ್ತೇನೆ. ಹೊಂದಿದರೆ ಏನಾಯಿತು? ಕ್ಲಬ್ ಸಿಲೆನ್ಸಿಯೋ ದೃಶ್ಯ ನೆನೆಸಿಕೊಳ್ಳಿ. ಇಲ್ಲಿ ವಾದ್ಯಗಾರರಿಲ್ಲ, ಎಲ್ಲ ಟೇಪಿನಲ್ಲಿ ಮುದ್ರಿಸಿದ್ದು ಎಂದು ನಿರೂಪಕ ಮುಂಚಿತವಾಗಿ ಸಾರಿ ಹೇಳುತ್ತಾನೆ. ಆಮೇಲೆ ರೆಬೆಕಾ ಡೆಲ್ ರಿಯೋ ಬಂದು ರಾಯ್ ಆರ್ಬಿಸನ್‌ನ ಹಾಡನ್ನು ಸ್ಪ್ಯಾನಿಷ್‌ನಲ್ಲಿ, ವಾದ್ಯದ ನೆರವಿಲ್ಲದೆ ಹಾಡುತ್ತಾಳೆ. ಇಬ್ಬರು ನಾಯಕಿಯರು ಬಿಕ್ಕುತ್ತಾರೆ, ನಮ್ಮ ಗಂಟಲೂ ಕಟ್ಟುತ್ತದೆ. ಹಾಡುಗಾರ್ತಿ ಕುಸಿದು ಬೀಳುತ್ತಾಳೆ, ಹಾಡು ನಿಲ್ಲುವುದಿಲ್ಲ. ಮೋಸ ಎಂದು ಮೊದಲೇ ಹೇಳಿ ಮಾಡಿದ ಮೋಸಕ್ಕೆ ಯಾಕೆ ಅತ್ತೆವು? ಕನಸು ಎಂಬ ವಿವರಣೆಗೆ ಈ ಅಳು ಸಿಗುವುದಿಲ್ಲ. ಲಿಂಚ್ ಅಂತೂ ಬಾಯಿ ಬಿಡುವವನಾಗಿರಲಿಲ್ಲ. ‘ಇರೇಸರ್‌ಹೆಡ್’ (1977) ತನ್ನ ಅತ್ಯಂತ ಆಧ್ಯಾತ್ಮಿಕ ಚಿತ್ರ ಎಂದು ಸಂದರ್ಶನವೊಂದರಲ್ಲಿ ಹೇಳಿದ. ಸ್ವಲ್ಪ ವಿವರಿಸಿ ಎಂದರು. ಇಲ್ಲ ಎಂದ, ಅಷ್ಟೆ.

ಇನ್ನು ‘ಇದೆಲ್ಲ ಬುದ್ಧಿಜೀವಿಗಳಿಗೆ’ ಎಂಬ ಮಾತು. ಬಸ್ಟರ್ ಕೀಟನ್‌ನ ‘ಶರ್ಲಾಕ್ ಜೂನಿಯರ್’ (1924) ನೋಡಿದವರು ಈ ಮಾತು ಆಡಲಾರರು. ಚಿತ್ರಮಂದಿರದ ಪ್ರೊಜೆಕ್ಷನ್ ಕೋಣೆಯಲ್ಲಿ ಕೆಲಸ ಮಾಡುವ ಹುಡುಗ ನಿದ್ದೆ ಹೋಗಿ, ಕನಸಿನಲ್ಲಿ ಪರದೆಯೊಳಗೆ ನಡೆದುಬಿಡುತ್ತಾನೆ. ತೋಟದ ಬೆಂಚಿನ ಮೇಲೆ ಕೂರಲು ಹೋಗುತ್ತಾನೆ, ದೃಶ್ಯ ಬದಲಾಗಿ ವಾಹನ ತುಂಬಿದ ಬೀದಿಯಲ್ಲಿ ಬೀಳುತ್ತಾನೆ. ನಡೆಯುತ್ತಾನೆ, ಬಂಡೆಯಂಚು. ಬಗ್ಗಿ ನೋಡುತ್ತಾನೆ, ಸುತ್ತ ಸಿಂಹಗಳು. ಸಮುದ್ರದ ಬಂಡೆಯಿಂದ ನೀರಿಗೆ ಹಾರುತ್ತಾನೆ, ತಲೆ ಹೋಗಿ ಹಿಮದಲ್ಲಿ ಹೂತುಕೊಳ್ಳುತ್ತದೆ. ದೇಹ ಒಂದೇ, ಲೋಕ ಮಾತ್ರ ಕಾಲಕೆಳಗೆ ಬದಲಾಗುತ್ತಿದೆ. ಬ್ರೆತೋನ್‌ನ ಸರ್ರಿಯಲಿಸ್ಟ್ ಪ್ರಣಾಳಿಕೆ ಹೊರಬಂದದ್ದೂ 1924ರಲ್ಲೇ. ಮಕ್ಕಳು ಬಿದ್ದು ಬಿದ್ದು ನಗುವ ಚಿತ್ರ ಇದು. ಬುನ್ಯುಯೆಲ್ ಕೂಡ ಕೀಟನ್‌ನ ಅಭಿಮಾನಿ. ಫೆಲಿನಿಯಂತೂ ‘8½’ (1963) ತೆಗೆಯುವಾಗ, ಇದು ಹಾಸ್ಯಚಿತ್ರ ಎಂಬುದು ನೆನಪಿರಲಿ ಎಂದು ತನಗೆ ತಾನೇ ಚೀಟಿ ಬರೆದು ಕ್ಯಾಮೆರಾಕ್ಕೆ ಅಂಟಿಸಿಕೊಂಡಿದ್ದ ಎನ್ನುತ್ತಾರೆ.

ನಮ್ಮಲ್ಲೇ 1998ರಲ್ಲಿ ಉಪೇಂದ್ರ ಅವರ ‘ಎ’ ಬಂತು. ಕತೆ ಹಿಂದುಮುಂದಾಗಿ ಓಡುವ ಆ ಚಿತ್ರಕ್ಕೆ ‘ಬುದ್ಧಿವಂತರಿಗೆ ಮಾತ್ರ’ ಎಂಬ ಅಡಿಬರಹ. ಹಾಗೆ ಹೇಳಿದರೂ, ಬಹುಶಃ ಹಾಗೆ ಹೇಳಿದ್ದಕ್ಕೇ, ಜನ ಮುಗಿಬಿದ್ದು ಶಿಳ್ಳೆ ಹೊಡೆದು ನೋಡಿದರು. ಕಾಲು ಶತಮಾನದ ಮೇಲೆ ‘ಯುಐ’ ಚಿತ್ರ ಶುರುವಾಗುವಾಗ ಅವರೇ, ಬುದ್ಧಿವಂತರಾಗಿದ್ದರೆ ಎದ್ದು ಹೋಗಿ ಎಂದು ಪರದೆಯ ಮೇಲೆ ಹಾಕಿದರು. ತಮಾಷೆಯೋ ವರಸೆಯೋ, ಎರಡನೆಯ ಸಲಹೆ ನನಗೆ ಹೆಚ್ಚು ಹಿಡಿಸಿತು. ಪವನ್ ಕುಮಾರ್ ಅವರ ‘ಲೂಸಿಯಾ’ (2013) ಚಿತ್ರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗ ಮಾತ್ರೆ ನುಂಗಿ ಬೇರೊಂದು ಬದುಕನ್ನು ಕನಸು ಕಾಣುತ್ತಾನೆ. ಅದಕ್ಕೆ ದುಡ್ಡು ಹಾಕಿದವರೇ ಸಾಮಾನ್ಯ ಪ್ರೇಕ್ಷಕರು.

ಹಾಗೆಂದು ಅರ್ಥವಾಗದ್ದೆಲ್ಲ ಬಂಗಾರವಲ್ಲ. ಹೇಳಲು ಏನೂ ಇಲ್ಲದವರು ಹೊಗೆ, ಮುಖವಾಡ, ಬೆತ್ತಲೆ ಮೈ, ನಿಧಾನಗತಿ ಸೇರಿಸಿ ಕಲಸಿಟ್ಟು ಸರ್ರಿಯಲ್ ಎನ್ನುವುದುಂಟು. ಜೋಡೋರೋವ್ಸ್ಕಿಯ ‘ದಿ ಹೋಲಿ ಮೌಂಟನ್’ (1973) ಚಿತ್ರಕ್ಕೆ ಅಭಿಮಾನಿಗಳು ಬಹಳ. ನನಗೆ ಅದು ಸಂಕೇತಗಳ ಸಂತೆ. ಅಲ್ಲಿ ಪ್ರತಿಯೊಂದು ವಸ್ತುವೂ ಕೊರಳಿಗೆ ಚೀಟಿ ಕಟ್ಟಿಕೊಂಡು ನಿಂತಿದೆ. ವಿವರಣೆಕಾರರಿಗೆ ಹೇಳಿಮಾಡಿಸಿದ ಚಿತ್ರ, ಬೇಕಾದರೆ ಅವರೇ ಇಟ್ಟುಕೊಳ್ಳಲಿ. ನಿಜವಾದದ್ದನ್ನು ಗುರುತಿಸುವುದು ಕಷ್ಟವಲ್ಲ, ಅದು ಕರಾರುವಾಕ್ಕಾಗಿರುತ್ತದೆ. ಮಾಯಾ ಡೆರೆನ್ 1943ರಲ್ಲಿ ಗಂಡನ ಜೊತೆ ಸೇರಿ ಲಾಸ್ ಏಂಜಲಿಸ್‌ನ ತಮ್ಮ ಮನೆಯಲ್ಲೇ ತೆಗೆದ ‘ಮೆಶಸ್ ಆಫ್ ದಿ ಆಫ್ಟರ್‌ನೂನ್’ ಚಿತ್ರದಲ್ಲಿ ಇರುವುದು ಹೂವು, ಕೀಲಿಕೈ, ಚಾಕು, ಬ್ರೆಡ್ಡು, ಮುಖದ ಜಾಗದಲ್ಲಿ ಕನ್ನಡಿ ಇರುವ ಒಂದು ಆಕೃತಿ. ಆಕೆ ಚಾಕು ಹಿಡಿದು ಎದ್ದು ನಡೆಯುತ್ತಾಳೆ: ಒಂದು ಹೆಜ್ಜೆ ಕಡಲತೀರದ ಮರಳಿನಲ್ಲಿ, ಮುಂದಿನದು ಮಣ್ಣಿನಲ್ಲಿ, ಮುಂದಿನದು ಹುಲ್ಲಿನಲ್ಲಿ, ಮುಂದಿನದು ಕಲ್ಲುಹಾಸಿನ ಮೇಲೆ, ಕೊನೆಯದು ಕೋಣೆಯ ಕಂಬಳಿಯ ಮೇಲೆ. ನಿದ್ರಿಸುತ್ತಿರುವ ತನ್ನನ್ನೇ ಕೊಲ್ಲಲು ಎಷ್ಟು ದೂರ ನಡೆಯಬೇಕು ಎಂಬುದು ಕೆಲವೇ ಸೆಕೆಂಡುಗಳಲ್ಲಿ ಮೈಗೆ ತಟ್ಟುತ್ತದೆ. ತನ್ನನ್ನು ಸರ್ರಿಯಲಿಸ್ಟ್ ಎಂದು ಕರೆಯುವುದನ್ನು ಡೆರೆನ್ ಒಪ್ಪುತ್ತಿರಲಿಲ್ಲ. ಅಡ್ಡಿಯಿಲ್ಲ.

ನೋಡದವರಿಗೆ ನನ್ನ ಶಿಫಾರಸು ಇಷ್ಟು. ಕಣ್ಣು ಸೀಳುವ ಚಿತ್ರದಿಂದ ಶುರು ಮಾಡಬೇಡಿ. ಮುಕ್ಕಾಲು ಗಂಟೆಯ ‘ಶರ್ಲಾಕ್ ಜೂನಿಯರ್’ ಅನ್ನು ಮನೆಯ ಮಕ್ಕಳ ಜೊತೆ ಕೂತು ನೋಡಿ. ಆಮೇಲೆ ಬುನ್ಯುಯೆಲ್‌ನ ‘ಡಿಸ್ಕ್ರೀಟ್ ಚಾರ್ಮ್ ಆಫ್ ದ ಬೂರ್ಜ್ವಾಸಿ’ (1972). ಆರು ಜನ ಕೂತು ಒಂದು ಊಟ ಮಾಡಲು ಚಿತ್ರ ಪೂರ್ತಿ ಹೆಣಗುತ್ತಾರೆ, ಆಗುವುದಿಲ್ಲ. ಆಸ್ಕರ್ ಕೂಡ ಬಂದ ಚಿತ್ರ, ಹೊಟ್ಟೆತುಂಬ ನಗಬಹುದು. ಡೆರೆನ್‌ಳದು ಹದಿನಾಲ್ಕೇ ನಿಮಿಷ, ಕೂತಲ್ಲೇ ಎರಡು ಸಲ ನೋಡಿ. ಪರಾಜನೋವ್‌ನದನ್ನು ಸಾಧ್ಯವಾದಷ್ಟು ದೊಡ್ಡ ಪರದೆಯಲ್ಲಿ. ‘ಇರೇಸರ್‌ಹೆಡ್’ ಕೊನೆಗಿರಲಿ, ಊಟಕ್ಕೆ ಮುಂಚೆ ಬೇಡ. ವಿವರಣೆಯ ವಿಡಿಯೋ ನೋಡಲೇಬೇಕು ಅನ್ನಿಸಿದರೆ ಅದೇ ಹೊತ್ತಿನಲ್ಲಿ ಸಿನಿಮಾವನ್ನೇ ಇನ್ನೊಂದು ಸಲ ಹಾಕಿ. ಪ್ರದರ್ಶನ ಮುಗಿದ ಮೇಲೆ ಯಾರಾದರೂ ಎದ್ದು ಗಂಟಲು ಸರಿಮಾಡಿಕೊಂಡರೆ, ದಯವಿಟ್ಟು ಕೂರಿಸಿ.